ಉದುರಿದ ಹಲ್ಲು, ಕಟ್ಟಿಸಿದ ಹಲ್ಲು

ಫೆಬ್ರವರಿ 9 ಸಂತ ಅಪೊಲೋನಿಯಾಳ ಸ್ಮರಣೆಯ ದಿನ. ಹಲ್ಲುನೋವಿನಿಂದ ನರಳುವವರಿಗೂ ಅವರಿಗೆ ಚಿಕಿತ್ಸೆ ನೀಡುವ ದಂತವೈದ್ಯರಿಗೂ ಈಕೆ ಪಾಲಕಿ. ಕ್ರಿ.ಶ. 249ರ ಸುಮಾರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಕ್ರೈಸ್ತರ ವಿರುದ್ಧ ದೊಂಬಿ ಎದ್ದಾಗ, ಉದ್ರಿಕ್ತ ಜನ ಆಕೆಯನ್ನು ಹಿಡಿದು ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಉದುರಿಸಿದರು. ಕ್ರಿಸ್ತನನ್ನು ನಿಂದಿಸದಿದ್ದರೆ ಜೀವಂತ ಸುಡುವುದಾಗಿ ಬೆದರಿಸಿದರು. ಆಕೆ ತಾನೇ ಬೆಂಕಿಗೆ ಧುಮುಕಿ ಪ್ರಾಣ ಬಿಟ್ಟಳು. ಆ ನಗರದ ಧರ್ಮಾಧ್ಯಕ್ಷರಾಗಿದ್ದ ದಿಯೋನಿಸಿಯುಸರು ಅಂತಿಯೋಕ್ಯದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಈ ಸಂಗತಿಯಿದ್ದು, ಇತಿಹಾಸಕಾರ ಯುಸೇಬಿಯುಸರ ಗ್ರಂಥದ ಮೂಲಕ ಅದು ನಮ್ಮ ಕಾಲದವರೆಗೂ ಉಳಿದುಬಂದಿದೆ.

ಯೂರೋಪಿನ ಚಿತ್ರಕಾರರು ಅಪೊಲೋನಿಯಾಳನ್ನು ಚಿತ್ರಿಸುವಾಗ ಸಾಮಾನ್ಯವಾಗಿ ಚೆಲುವೆಯಾದ ತರುಣಿಯನ್ನು ನಿಲ್ಲಿಸಿ, ಅವಳ ಕೈಗೆ ಇಕ್ಕಳವನ್ನೂ ಅದರ ತುದಿಗೆ ಒಂದು ಹಲ್ಲನ್ನೂ ಕೊಟ್ಟಿದ್ದಾರೆ. ಆದರೆ ದಿಯೋನಿಸಿಯುಸರ ಪತ್ರದಲ್ಲಿ ಇರುವಾಕೆ ತರುಣಿಯಲ್ಲ, ವಯಸ್ಸಾದ ಕನ್ಯೆ. ಹಣ್ಣಾದ ಮುದುಕಿಯೊಬ್ಬಳ ಹಲ್ಲು ಮುರಿದರು ಎಂಬುದೇ ಆ ವರದಿಯ ಕ್ರೌರ್ಯ. ಚಿತ್ರಕಾರರು ಅವಳ ಮುಪ್ಪನ್ನು ಅಳಿಸಿಬಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ನಾವೂ ಮುದುಕರ ಬಾಯಿಯ ವಿಷಯದಲ್ಲಿ ಇಂಥದ್ದೇ ಒಂದು ಅಳಿಸುವಿಕೆಯನ್ನು ನಡೆಸುತ್ತಿದ್ದೇವೆಂದು ತೋರುವುದರಿಂದ ಈ ವಾರ ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಗುರುಗಳಿಗೇಕೆ ಹಲ್ಲಿನ ಉಸಾಬರಿ ಎಂದು ಕೆಲವರು ಕೇಳಬಹುದು. ನಮ್ಮ ಹಾಸನ ಜಿಲ್ಲೆಯ ಸಾತಿಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದ, ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು 1803-04ರಲ್ಲಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದವರು. ಅವರ ಲೆಕ್ಕದಲ್ಲಿ 25,432 ಮಂದಿ ಲಸಿಕೆ ಪಡೆದಿದ್ದರು. ಅಂಥವರು ನಡೆದ ನೆಲದಲ್ಲಿ ಗುರುಗಳಾಗಿರುವ ನಾವು ಹಲ್ಲಿನ ಬಗ್ಗೆ ಒಂದು ಲೇಖನ ಬರೆದರೆ ಅತಿಯಾಗಲಾರದು.

ಮೊದಲ ಶುಕ್ರವಾರಗಳಲ್ಲಿ ಕಾಯಿಲೆಯವರಿಗೂ ವೃದ್ಧರಿಗೂ ಪರಮಪ್ರಸಾದ ಒಯ್ಯುವಾಗ ಅರಸೀಕೆರೆಯ ಬಯಲುಸೀಮೆಯ ಮನೆಗಳನ್ನೂ ಬೇಲೂರಿನ ಕಾಫಿ ತೋಟಗಳ ಲೈನುಮನೆಗಳನ್ನೂ ನಾವು ಒಳಗಿನಿಂದ ಕಂಡಿದ್ದೇವೆ. ಎರಡೂ ಕಡೆ ಒಂದು ಮಾತು ಸಮಾನ. “ಅಜ್ಜಿಗೆ ಹಲ್ಲಿಲ್ಲ ಸ್ವಾಮಿ, ಆದರೂ ತೊಂದರೆ ಇಲ್ಲ, ಮುದ್ದೆ ನುಂಗುತ್ತಾರೆ.” ಈ ಮಾತಿನಲ್ಲಿ ಸತ್ಯವಿದೆ, ಅದರಲ್ಲೇ ಮೋಸವೂ ಇದೆ. ರಾಗಿಮುದ್ದೆಯನ್ನು ಅಗಿಯುವ ಪದ್ಧತಿ ನಮ್ಮಲ್ಲಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಕ್ರಮ. ಹಾಗಾಗಿ ಹಲ್ಲಿಲ್ಲದವರ ಹೊಟ್ಟೆ ತುಂಬುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಮುದ್ದೆಯ ಜೊತೆಗಿನ ಸೊಪ್ಪು, ಕಾಳು, ಮಾಂಸದ ತುಂಡು, ಕಡಲೆಕಾಯಿ, ಹಸಿ ತರಕಾರಿ, ಗಟ್ಟಿ ಹಣ್ಣು ಇವೆಲ್ಲ ತಟ್ಟೆಯ ಅಂಚಿಗೆ ಸರಿದು, ಒಂದು ದಿನ ತಟ್ಟೆಗೇ ಬರುವುದು ನಿಂತುಹೋಗುತ್ತದೆ. ಬೇಲೂರಿನ ಕಡೆ ಅಕ್ಕಿರೊಟ್ಟಿಯನ್ನು ಕಾಫಿಯಲ್ಲಿ ನೆನೆಸಿ ಕೊಡುತ್ತಾರೆ. ಮನೆಯಲ್ಲಿ ಹಬ್ಬದ ಊಟ ನಡೆಯುತ್ತಿರುವಾಗ ಅಜ್ಜಿ ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಉಣ್ಣುತ್ತಾರೆ; ಪಂಕ್ತಿಯಲ್ಲಿ ಕುಳಿತು ಬೊಕ್ಕಬಾಯಿಯಲ್ಲಿ ಉಣ್ಣಲು ನಾಚಿಕೆ. ಇದನ್ನು ತೊಂದರೆ ಇಲ್ಲ ಎನ್ನಲಾಗದು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ವಿಧಿಯ ಮಾತೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಪವಿತ್ರ ಗ್ರಂಥದ ಉಪದೇಶಕನೂ ತನ್ನ 12ನೇ ಅಧ್ಯಾಯದಲ್ಲಿ ಮುಪ್ಪನ್ನು ಶಿಥಿಲವಾಗುತ್ತಿರುವ ಮನೆಯಂತೆ ವರ್ಣಿಸುತ್ತಾ, ಹಲ್ಲುಗಳನ್ನು ಸಂಖ್ಯೆ ಕಡಿಮೆಯಾಗಿ ಕೆಲಸ ನಿಲ್ಲಿಸಿದ ಬೀಸುವ ಹೆಂಗಸರಿಗೆ ಹೋಲಿಸಿದ್ದಾನೆ. ಅವನ ಕಾಲದಲ್ಲಿ ಬೀಸಲು ಬೇರೆಯವರನ್ನು ಕರೆತರುವ ಉಪಾಯವಿರಲಿಲ್ಲ. ಇಂದು ಇದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತವರಿಗೆ ಹಲ್ಲು ಹೊಸ ವಿಷಯವಲ್ಲ. ಅರಿಸ್ಟಾಟಲನು ತನ್ನ ‘ಭೌತಶಾಸ್ತ್ರ’ದ ಎರಡನೆಯ ಪುಸ್ತಕದಲ್ಲಿ, ಪ್ರಕೃತಿಯಲ್ಲಿ ಉದ್ದೇಶವಿದೆಯೇ ಅಥವಾ ಎಲ್ಲವೂ ಆಕಸ್ಮಿಕವೇ ಎಂಬ ಮಹಾಪ್ರಶ್ನೆಯನ್ನು ಚರ್ಚಿಸುವಾಗ ಉದಾಹರಣೆಯಾಗಿ ಎತ್ತಿಕೊಳ್ಳುವುದು ಹಲ್ಲುಗಳನ್ನೇ. ಮುಂದಿನ ಹಲ್ಲು ಚೂಪಾಗಿ ಕತ್ತರಿಸಲು, ಹಿಂದಿನವು ಅಗಲವಾಗಿ ಅರೆಯಲು ಒದಗುತ್ತವೆ. ಇದು ಯದೃಚ್ಛೆಯಿಂದ ಆದದ್ದಾಗಿರಬಾರದೇಕೆ ಎಂದು ಪೂರ್ವಪಕ್ಷ ಹೂಡಿ, ಬಳಿಕ ಅದನ್ನು ನಿರಾಕರಿಸುತ್ತಾನೆ. ಸಂತ ತೋಮಸ್ ಅಕ್ವಿನಾಸರು ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದಿದ್ದಾರೆ. ಇದೇ ಅರಿಸ್ಟಾಟಲನು ಇನ್ನೊಂದೆಡೆ ಗಂಡಸರಿಗೆ ಹೆಂಗಸರಿಗಿಂತ ಹೆಚ್ಚು ಹಲ್ಲುಗಳಿವೆ ಎಂದು ಬರೆದು ನಗೆಪಾಟಲಾಗಿರುವುದೂ ನಿಜ. ಮನೆಯಲ್ಲೇ ಎಣಿಸಿ ನೋಡಬಹುದಾಗಿತ್ತು.

ಆ ತತ್ತ್ವವಿಚಾರದಿಂದ ನಮಗೆ ಬೇಕಾದ ವ್ಯಾವಹಾರಿಕ ಸತ್ಯ ಇಷ್ಟು: ಬಾಯಿಯಲ್ಲಿ ಪ್ರತಿ ಹಲ್ಲಿಗೂ ತನ್ನದೇ ಕೆಲಸವುಂಟು, ಮತ್ತು ಒಂದು ಹಲ್ಲು ಇನ್ನೊಂದನ್ನು ಹಿಡಿದು ನಿಲ್ಲಿಸಿದೆ. ಒಂದು ದವಡೆಹಲ್ಲು ಕೀಳಿಸಿ ಹಾಗೆಯೇ ಬಿಟ್ಟರೆ ಪಕ್ಕದ ಹಲ್ಲು ಆ ಖಾಲಿ ಜಾಗದ ಕಡೆಗೆ ವಾಲುತ್ತದೆ. ಎದುರು ದವಡೆಯ ಹಲ್ಲು ತಡೆಯಿಲ್ಲದೆ ಕೆಳಗಿಳಿಯುತ್ತದೆ, ಇಲ್ಲವೇ ಮೇಲೇರುತ್ತದೆ. ಸಂದುಗಳಲ್ಲಿ ಆಹಾರ ಸಿಕ್ಕಿ ಕೊಳೆತು, ಒಂದರ ಜಾಗದಲ್ಲಿ ಮೂರು ಹಾಳಾಗುತ್ತವೆ. ಹಲ್ಲನ್ನು ಹಿಡಿದಿದ್ದ ಮೂಳೆಯೂ ಕೆಲಸವಿಲ್ಲದೆ ಕರಗತೊಡಗುತ್ತದೆ. ಕೆನ್ನೆ ಗುಳಿಬಿದ್ದು, ಗದ್ದ ಮೂಗಿನ ಹತ್ತಿರ ಬಂದಂತೆ ಕಾಣುವ ಮುಖವನ್ನು ನಾವು ಮುಪ್ಪಿನ ಮುಖವೆನ್ನುತ್ತೇವೆ. ಅದು ಬಹುಮಟ್ಟಿಗೆ ಮೂಳೆ ಕರಗಿದ ಮುಖ.

ಈಗ ಕೃತಕ ದಂತಗಳ ವಿಧಗಳಿಗೆ ಬರೋಣ. ಜನರ ಬಾಯಲ್ಲಿ ‘ಸೆಟ್ಟು’ ಎನಿಸಿಕೊಂಡಿರುವ ಪೂರ್ಣ ದಂತಪಂಕ್ತಿಯೇ ನಮ್ಮ ಕಡೆ ಹೆಚ್ಚಿನವರಿಗೆ ಬೇಕಾದದ್ದು. ಒಂದೂ ಹಲ್ಲು ಉಳಿಯದ ದವಡೆಗೆ ಇದನ್ನು ಮಾಡುತ್ತಾರೆ. ಇದರ ಹಿಂದೆ ದೊಡ್ಡ ಇತಿಹಾಸವಿದೆ. ಜಪಾನಿನಲ್ಲಿ 16ನೇ ಶತಮಾನದಷ್ಟು ಹಿಂದೆಯೇ ಮರದಲ್ಲಿ ಕೆತ್ತಿದ ಪೂರ್ಣ ಸೆಟ್ಟುಗಳಿದ್ದವು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರು 1789ರಲ್ಲಿ ಅಧಿಕಾರ ಸ್ವೀಕರಿಸುವಾಗ ಅವರಿಗೆ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು. ಉಳಿದವು ದಂತ, ಸೀಸ ಮತ್ತು ಬೇರೆ ಮನುಷ್ಯರ ಹಲ್ಲುಗಳಿಂದ ಮಾಡಿದವು. 1815ರ ವಾಟರ್ಲೂ ಯುದ್ಧದ ಬಳಿಕ ಸತ್ತ ಸೈನಿಕರ ಹಲ್ಲುಗಳನ್ನು ಕಿತ್ತು ಶ್ರೀಮಂತರ ಸೆಟ್ಟುಗಳಿಗೆ ಜೋಡಿಸಿದ್ದುಂಟು. ಬಡವನ ಹಲ್ಲು ಧನಿಕನ ಬಾಯಿಗೆ ಹೋದ ಆ ಕಾಲವನ್ನು ಮುಗಿಸಿದ್ದು 19ನೇ ಶತಮಾನದ ನಡುವಿನಲ್ಲಿ ಬಂದ ಗಟ್ಟಿ ರಬ್ಬರ್ ಮತ್ತು ಪಿಂಗಾಣಿಯ ಹಲ್ಲು. 1930ರ ದಶಕದಲ್ಲಿ ಅಕ್ರಿಲಿಕ್ ಎಂಬ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಂದಿತು. ಸಾಮಾನ್ಯ ಸೆಟ್ಟುಗಳನ್ನು ಇಂದಿಗೂ ಅದರಲ್ಲೇ ಮಾಡುತ್ತಾರೆ.

ಸೆಟ್ಟು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಹಲ್ಲು ಕಿತ್ತ ಗಾಯ ಮಾಯಲು ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳಾದರೂ ಬಿಡಬೇಕು. ಬಳಿಕ ವಸಡಿನ ಅಚ್ಚು ತೆಗೆಯುತ್ತಾರೆ. ಮೇಲು ಕೆಳಗಿನ ದವಡೆಗಳು ಎಷ್ಟು ಎತ್ತರದಲ್ಲಿ ಸೇರಬೇಕೆಂದು ಮೇಣದ ದಿಂಡಿನಿಂದ ಅಳೆಯುತ್ತಾರೆ. ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗಿಟ್ಟು ಪರೀಕ್ಷಿಸುತ್ತಾರೆ. ಅದು ಒಪ್ಪಿಗೆಯಾದ ಮೇಲೆಯೇ ಅಕ್ರಿಲಿಕ್ಕಿನಲ್ಲಿ ಗಟ್ಟಿ ಮಾಡುವುದು. ನಾಲ್ಕೈದು ಸಲ ಹೋಗಲೇಬೇಕು. ಮೇಣದ ಪರೀಕ್ಷೆಯ ದಿನ ಮನೆಯವರೊಬ್ಬರು ಜೊತೆಯಲ್ಲಿರುವುದು ಒಳ್ಳೆಯದು. ಮುಖ ಹೇಗೆ ಕಾಣುತ್ತದೆಂದು ಹೇಳಲು ಮಗಳಿಗಿಂತ ಬಲ್ಲವರಿಲ್ಲ, ಮತ್ತು ಬದಲಾವಣೆ ಸುಲಭವಾಗಿರುವುದು ಆ ದಿನ ಮಾತ್ರ.

ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ನಿಲ್ಲುವುದು ಗೋಂದಿನಿಂದಲ್ಲ. ಸೆಟ್ಟಿಗೂ ಅಂಗುಳಕ್ಕೂ ನಡುವೆ ಇರುವ ಜೊಲ್ಲಿನ ತೆಳುಪದರ ಮತ್ತು ಅಂಚಿನಲ್ಲಿ ಗಾಳಿ ನುಸುಳದಂತೆ ಕೂತ ಬಿಗಿ, ಇವೆರಡರಿಂದ ಅದು ನಿಲ್ಲುತ್ತದೆ. ಎರಡು ಒದ್ದೆ ಗಾಜಿನ ತುಂಡುಗಳು ಒಂದಕ್ಕೊಂದು ಹಿಡಿದುಕೊಳ್ಳುವಂತೆ ಎಂದುಕೊಳ್ಳಬಹುದು. ಕೆಳಗಿನ ಸೆಟ್ಟಿಗೆ ಆ ಭಾಗ್ಯವಿಲ್ಲ. ಅದು ಕುದುರೆಲಾಳದ ಆಕಾರದ್ದು, ಅಂಗುಳದ ಆಸರೆಯಿಲ್ಲ, ನಾಲಗೆ ಸದಾ ಅದನ್ನು ಎಬ್ಬಿಸುತ್ತಿರುತ್ತದೆ. ಸಾಲದ್ದಕ್ಕೆ ಕೆಳದವಡೆಯ ಮೂಳೆ ಬೇಗ ಕರಗುತ್ತದೆ. 25 ವರ್ಷ ಕಾಲ ಸೆಟ್ಟು ಧರಿಸಿದವರನ್ನು ಅನುಸರಿಸಿ 1972ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆದಿದ್ದು ಕಂಡುಬಂದಿತು. “ಮೇಲಿನದು ಸರಿ ಸ್ವಾಮಿ, ಕೆಳಗಿನದು ಕುಣಿಯುತ್ತೆ” ಎಂಬ ದೂರಿಗೆ ಕಾರಣ ಇದು. ಎಲ್ಲ ಸಲವೂ ವೈದ್ಯರ ತಪ್ಪಲ್ಲ. ಸಡಿಲವಾದ ಸೆಟ್ಟಿನ ಒಳಮೈಗೆ ಹೊಸ ಪದರ ಕೊಟ್ಟು ಬಿಗಿ ಮಾಡಿಸಬಹುದು. ಕೆಲವು ವರ್ಷಗಳಿಗೊಮ್ಮೆ ಹೊಸದನ್ನೇ ಮಾಡಿಸಬೇಕಾಗಬಹುದು. ಒಮ್ಮೆ ಕಟ್ಟಿಸಿದರೆ ಜೀವಮಾನಕ್ಕಾಯಿತು ಎಂದು ತಿಳಿಯಬಾರದು.

ಸೆಟ್ಟಿನಿಂದ ಅಗಿಯುವ ಬಲ ಸ್ವಂತ ಹಲ್ಲಿನ ನಾಲ್ಕನೆಯ ಒಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ. ಇದನ್ನು ಮೊದಲೇ ತಿಳಿಸದಿದ್ದರೆ ಹಿರಿಯರು ನಿರಾಶರಾಗಿ ಸೆಟ್ಟನ್ನು ಡಬ್ಬಿಯಲ್ಲಿಟ್ಟು ದೇವರ ಪಟದ ಹಿಂದೆ ಸೇರಿಸುತ್ತಾರೆ. ಅಂಥ ಡಬ್ಬಿಗಳನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಮೊದಲ ವಾರ ಮೆತ್ತನೆಯ ಊಟ, ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯುವ ಅಭ್ಯಾಸ ಬೇಕು. ಒಂದೇ ಬದಿಯಲ್ಲಿ ಅಗಿದರೆ ಇನ್ನೊಂದು ಬದಿ ಏಳುತ್ತದೆ. ಹುಣ್ಣಾದರೆ ಮನೆಯಲ್ಲಿ ಚಾಕುವಿನಿಂದ ಹೆರೆಯದೆ ಮಾಡಿಕೊಟ್ಟವರ ಬಳಿಗೇ ಹೋಗಬೇಕು.

ಮಾತಿನ ವಿಷಯವನ್ನೂ ಹೇಳಬೇಕು. ನಮ್ಮ ಕನ್ನಡ ವರ್ಣಮಾಲೆಯಲ್ಲಿ ತ, ಥ, ದ, ಧ, ನ ಎಂಬ ಒಂದು ಪೂರ್ಣ ವರ್ಗಕ್ಕೆ ದಂತ್ಯವೆಂದೇ ಹೆಸರು. ಹಲ್ಲು ಹೋದವನಿಗೆ ಈ ವರ್ಗವೂ ಸಕಾರವೂ ಸಡಿಲಗೊಳ್ಳುತ್ತವೆ. ‘ತಂದೆ, ಸುತ, ಪವಿತ್ರಾತ್ಮ’ ಎನ್ನುವಲ್ಲಿಯೇ ಎಷ್ಟು ದಂತ್ಯಗಳಿವೆ ನೋಡಿರಿ. ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಉಪದೇಶಿಯಾಗಿದ್ದ ಹಿರಿಯರೊಬ್ಬರು ಮುಂದಿನ ಹಲ್ಲುಗಳು ಹೋದ ಮೇಲೆ ಜಪಸರ ನಡೆಸುವುದನ್ನೇ ನಿಲ್ಲಿಸಿಬಿಟ್ಟರು. ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳಲು ಕರೆದರೆ ಮೈ ಸರಿಯಿಲ್ಲವೆಂದರು. ಮಕ್ಕಳು ನಕ್ಕಿದ್ದರೆಂಬುದು ಬಹಳ ತಡವಾಗಿ ತಿಳಿಯಿತು. ಅವರು ಕೊನೆಗೆ ಸೆಟ್ಟು ಕಟ್ಟಿಸಿಕೊಂಡರು. ಒಂದು ತಿಂಗಳು ದಿನವೂ ತೆಂಗಿನ ತೋಟದಲ್ಲಿ ಒಬ್ಬರೇ ಕೀರ್ತನೆಗಳನ್ನು ಗಟ್ಟಿಯಾಗಿ ಓದಿ ನಾಲಗೆಯನ್ನು ಪಳಗಿಸಿಕೊಂಡರು. ಈಗ ಜಪಸರದ ಮುಂದಾಳು ಮತ್ತೆ ಅವರೇ. ಹೊಸ ಸೆಟ್ಟು ಹಾಕಿದವರಿಗೆ ದಂತವೈದ್ಯರು ಕೊಡುವ ಸಲಹೆಯೂ ಇದೇ, ಗಟ್ಟಿಯಾಗಿ ಓದಿ ಎಂದು.

ಕೆಲವೇ ಹಲ್ಲು ಹೋದವರಿಗೆ ಭಾಗಶಃ ಸೆಟ್ಟು ಉಂಟು. ಉಳಿದ ಹಲ್ಲುಗಳಿಗೆ ತಂತಿಯ ಕೊಕ್ಕೆಯಿಂದ ಹಿಡಿಸಿದ ಅಕ್ರಿಲಿಕ್ ಪಟ್ಟಿಯದು ಕಡಿಮೆ ಬೆಲೆಯದು. ಎರಕ ಹೊಯ್ದ ಲೋಹದ ಚೌಕಟ್ಟಿನದು ತೆಳುವಾಗಿ, ಬಲವಾಗಿ, ಹೆಚ್ಚು ಬೆಲೆಯದಾಗಿರುತ್ತದೆ. ಎರಡನ್ನೂ ರಾತ್ರಿ ಕಳಚಿಡಬೇಕು. ಒಂದೆರಡು ಹಲ್ಲು ಉಳಿದಿದ್ದರೆ ಎಲ್ಲ ಕಿತ್ತು ಪೂರ್ಣ ಸೆಟ್ಟೇ ಹಾಕಿ ಎಂದು ಅವಸರ ಮಾಡುವವರಿದ್ದಾರೆ. ಗಟ್ಟಿಯಾದ ಬೇರು ಇದ್ದರೆ ಅದನ್ನು ಉಳಿಸಿ, ಮೊಟಕು ಮಾಡಿ, ಅದರ ಮೇಲೆ ಸೆಟ್ಟು ಕೂರಿಸುವ ವಿಧಾನವೂ ಇದೆ. ಬೇರು ಇರುವಷ್ಟು ಕಾಲ ಅಲ್ಲಿನ ಮೂಳೆ ನಿಲ್ಲುತ್ತದೆ. ಕೀಳಿಸುವ ಮೊದಲು ಇದನ್ನು ಕೇಳಿರಿ.

ಕಳಚದ ಹಲ್ಲು ಬೇಕೆನ್ನುವವರಿಗೆ ಬ್ರಿಡ್ಜ್. ಖಾಲಿ ಜಾಗದ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಅರೆದು ಚಿಕ್ಕದು ಮಾಡಿ, ಅವುಗಳ ಮೇಲೆ ಟೊಪ್ಪಿಗೆಯಂತೆ ಕ್ಯಾಪ್ ಕೂರಿಸಿ, ನಡುವೆ ಕೃತಕ ಹಲ್ಲನ್ನು ತೂಗಿಸುತ್ತಾರೆ. ನೋಡಲು ಚೆನ್ನ, ಅಗಿಯಲು ಬಲ. ಆದರೆ ಒಂದರ ಸಲುವಾಗಿ ಎರಡು ಒಳ್ಳೆಯ ಹಲ್ಲುಗಳ ಕವಚವನ್ನು ಬಲಿ ಕೊಡಬೇಕು. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ತರುಣರಿಗೆ ಬ್ರಿಡ್ಜ್ ಹಾಕಿಸುವ ಮುನ್ನ ತಂದೆತಾಯಿಗಳು ಎರಡು ಸಲ ಯೋಚಿಸುವುದು ಒಳಿತು.

ಇಂಪ್ಲಾಂಟ್ ಎಂಬುದು ಈಚಿನದು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1952ರಲ್ಲಿ ಮೊಲಗಳ ಮೂಳೆಯಲ್ಲಿ ಟೈಟಾನಿಯಂ ಲೋಹದ ಉಪಕರಣವನ್ನು ಇಟ್ಟು ಬೇರೆಯೇ ವಿಷಯವನ್ನು ಅಧ್ಯಯನ ಮಾಡುತ್ತಿದ್ದಾಗ, ಕೊನೆಯಲ್ಲಿ ಅದು ಮೂಳೆಯಿಂದ ಬಿಡಿಸಿಕೊಳ್ಳಲಾರದಷ್ಟು ಬೆಸೆದುಕೊಂಡಿದ್ದನ್ನು ಕಂಡರು. 1965ರಲ್ಲಿ ಮೊದಲ ರೋಗಿಯ ದವಡೆಗೆ ಟೈಟಾನಿಯಂ ತಿರುಪುಗಳನ್ನು ಕೂರಿಸಿದರು. ಅವು ನಲವತ್ತು ವರ್ಷಗಳಿಗೂ ಹೆಚ್ಚು ಕಾಲ, ಆ ಮನುಷ್ಯ ಸಾಯುವವರೆಗೂ ಕೆಲಸ ಮಾಡಿದವು. ಮೂಳೆಯಲ್ಲಿ ಬೇರಿನಂತೆ ತಿರುಪು ನೆಟ್ಟು, ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಟ್ಟು, ಅದರ ಮೇಲೆ ಹಲ್ಲು ಕೂರಿಸುತ್ತಾರೆ. ಪಕ್ಕದ ಹಲ್ಲು ಅರೆಯುವ ಅಗತ್ಯವಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಿಗೂ ಬೀಡಿ ಸಿಗರೇಟು ಬಿಡದವರಿಗೂ ಇದು ಸೋಲುವ ಸಂಭವ ಹೆಚ್ಚು. ಖರ್ಚು ಬಹಳ, ಸಾಲ ಮಾಡಿ ಬಾಯಿತುಂಬ ಇಂಪ್ಲಾಂಟ್ ಹಾಕಿಸುವುದನ್ನು ನಾವು ಮೆಚ್ಚಲಾರೆವು. ಆದರೆ ಕುಣಿಯುವ ಕೆಳಸೆಟ್ಟಿನಿಂದ ಬೇಸತ್ತವರಿಗೆ ಒಂದು ಮಧ್ಯಮ ಮಾರ್ಗವಿದೆ: ಎರಡೇ ಎರಡು ಇಂಪ್ಲಾಂಟ್ ಹಾಕಿಸಿ, ಅವುಗಳಿಗೆ ಸೆಟ್ಟನ್ನು ಗುಂಡಿಯಂತೆ ಸಿಕ್ಕಿಸುವುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯೆಂದು ಹೇಳಿದರು. ಬಡವರಿಗೆ ಅದೂ ಎಟುಕದು, ನಿಜ.

ಇನ್ನೊಂದು ಬಗೆಯನ್ನು ಹೆಚ್ಚಿನವರು ಕೇಳಿಯೇ ಇಲ್ಲ. ಎಲೆಯಡಿಕೆ ಹೊಗೆಸೊಪ್ಪಿನ ಚಟದಿಂದ ಬಾಯಿಯ ಕ್ಯಾನ್ಸರ್ ಆಗಿ ಮೇಲ್ದವಡೆಯ ಭಾಗವನ್ನು ತೆಗೆದವರಿಗೆ ಬಾಯಿಗೂ ಮೂಗಿಗೂ ನಡುವೆ ತೂತು ಉಳಿಯುತ್ತದೆ. ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಆಡಿದ ಮಾತು ತಿಳಿಯುವುದಿಲ್ಲ. ಆ ತೂತನ್ನು ಮುಚ್ಚುವ, ಹಲ್ಲುಗಳನ್ನೂ ಹೊತ್ತ ಮುಚ್ಚಳದಂಥ ಸೆಟ್ಟನ್ನು ಮಾಡಿಕೊಡುತ್ತಾರೆ. ಶಸ್ತ್ರಚಿಕಿತ್ಸೆ ಆದವರು ಮನೆಯ ಮೂಲೆ ಸೇರದೆ ಇದನ್ನು ಕೇಳಿ ಪಡೆಯಬೇಕು.

ಇಷ್ಟೆಲ್ಲ ಇರುವಾಗ ನಮ್ಮ ಜನ ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ನಿಲ್ದಾಣದ ಬಳಿ ಪೆಟ್ಟಿಗೆ ತೆರೆದು ಕೂತವರ ಮುಂದೆ ಬಾಯಿ ತೆರೆಯುವುದೇಕೆ? ಅರ್ಧ ಗಂಟೆಯಲ್ಲಿ ಹಲ್ಲು, ಕಡಿಮೆ ಹಣ, ಕಳಚುವ ರಗಳೆಯೂ ಇಲ್ಲ. ಅವರು ಮಾಡುವುದು ಇಷ್ಟು: ಅಕ್ರಿಲಿಕ್ ಪುಡಿಯನ್ನು ದ್ರವದಲ್ಲಿ ಕಲಸಿ ಹಸಿಯಾಗಿಯೇ ಬಾಯಿಗೆ ಹಚ್ಚಿ, ಪಕ್ಕದ ಹಲ್ಲುಗಳಿಗೆ ತಂತಿ ಸುತ್ತಿ, ಗಟ್ಟಿಯಾಗಲು ಬಿಡುವುದು. ಆ ಹಸಿ ಹಿಟ್ಟು ಗಟ್ಟಿಯಾಗುವಾಗ ಬಿಸಿಯೇರಿ ವಸಡನ್ನು ಸುಡುತ್ತದೆ. ಕಳಚಲು ಬಾರದ ಆ ಮುದ್ದೆಯ ಕೆಳಗೆ ಎಂಜಲು ಕೊಳೆಯುತ್ತದೆ. ಒಂದೆರಡು ವರ್ಷಗಳಲ್ಲಿ ತಂತಿ ಸುತ್ತಿದ ಒಳ್ಳೆಯ ಹಲ್ಲುಗಳೂ ಅಲುಗಾಡುತ್ತವೆ. ಬೇಲೂರಿನ ಕಡೆ ತೋಟದ ಕೆಲಸದ ತಾಯಿಯೊಬ್ಬರು ಹೀಗೆ ಎರಡು ಹಲ್ಲು ಕಟ್ಟಿಸಿಕೊಂಡು ಆರು ಹಲ್ಲು ಕಳೆದುಕೊಂಡಿದ್ದನ್ನು ನಾವು ಬಲ್ಲೆವು. ಬಾಯಿಯ ವಾಸನೆಯಿಂದಾಗಿ ಅವರು ದೇವಾಲಯದಲ್ಲಿ ಕೊನೆಯ ಬೆಂಚಿಗೆ ಸರಿದಿದ್ದರು. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ನೋಂದಣಿಯಿಲ್ಲದವರು ಈ ವೃತ್ತಿ ನಡೆಸುವುದು ನಿಷಿದ್ಧ. ಆದರೆ ಕಾನೂನನ್ನು ಹೇಳಿದಷ್ಟಕ್ಕೇ ಬಡವನಿಗೆ ಬೇರೆ ದಾರಿ ತೆರೆಯುವುದಿಲ್ಲ.

ದಾರಿ ಇದೆ. ಹಾಸನದಲ್ಲಿ ಶ್ರೀ ಹಾಸನಾಂಬಾ ದಂತ ಮಹಾವಿದ್ಯಾಲಯವಿದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿಗೆ ಕೆಲಸ ಮಾಡುವುದರಿಂದ ಖರ್ಚು ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆಯಿರುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ತಾಳ್ಮೆ ಬೇಕು. ಕರ್ನಾಟಕ ಸರ್ಕಾರ 2014-15ರಲ್ಲಿ ‘ದಂತ ಭಾಗ್ಯ’ ಎಂಬ ಯೋಜನೆಯನ್ನು ಆರಂಭಿಸಿ, ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಸೆಟ್ಟು ಮಾಡಿಸಿಕೊಡುವ ಏರ್ಪಾಡು ಮಾಡಿತು. ಇಂಥ ಯೋಜನೆಗಳ ನಿಯಮಗಳು ಬದಲಾಗುತ್ತಿರುವುದರಿಂದ, ಹೊರಡುವ ಮುನ್ನ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗಿಟ್ಟುಕೊಳ್ಳಿರಿ.

ಸೆಟ್ಟು ಉಚಿತವಾದರೂ ಪ್ರಯಾಣ ಉಚಿತವಲ್ಲ. ಹಳೇಬೀಡಿನಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರು, ಬೇಲೂರು ಅರಸೀಕೆರೆಗಳಿಂದ ಸುಮಾರು ನಲವತ್ತು. ಹೆಂಗಸರಿಗೆ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ಟು ಉಳಿಯುತ್ತದೆ. ಆದರೆ ಜೊತೆಗೆ ಹೋಗುವ ಮಗ ಐದು ಸಲ ಕೂಲಿ ಬಿಡಬೇಕು. ಅನೇಕ ಮನೆಗಳಲ್ಲಿ ಸೆಟ್ಟು ಮೇಣದ ಹಂತದಲ್ಲೇ ನಿಂತುಹೋಗಿರುವುದು ಈ ಕಾರಣಕ್ಕೆ. ಧರ್ಮಕೇಂದ್ರದ ಯುವಜನರು ಸರದಿಯಂತೆ ಒಬ್ಬೊಬ್ಬ ಹಿರಿಯರನ್ನು ಕರೆದೊಯ್ದರೆ, ಅಥವಾ ನಾಲ್ಕೈದು ಹಿರಿಯರು ಒಂದೇ ದಿನದ ಸರದಿ ಪಡೆದು ಒಬ್ಬರ ಕಾವಲಿನಲ್ಲಿ ಹೋದರೆ, ಈ ಗಂಟು ಬಿಡಿಸಲಾರದ್ದಲ್ಲ. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟು ಉಳಿಸಿದ ಹಣವನ್ನು ಎಲ್ಲಿಗೆ ಕೊಡೋಣವೆಂದು ಕೇಳುವ ಕುಟುಂಬಗಳಿಗೆ, ಮಾಂಸ ತಿನ್ನಲಾರದ ಅಜ್ಜಂದಿರು ನಮ್ಮಲ್ಲೇ ಇದ್ದಾರೆಂದು ನೆನಪಿಸುತ್ತೇವೆ.

“ಗುಂಡಿಗೆ ಹೋಗೋ ವಯಸ್ಸಿನಲ್ಲಿ ಹಲ್ಲಿನ ಶೃಂಗಾರ ಯಾಕೆ ಸ್ವಾಮಿ” ಎಂಬ ಪ್ರಶ್ನೆಯನ್ನು ಭಕ್ತಿವಂತರಾದ ಅಜ್ಜಿಯರೇ ಕೇಳುತ್ತಾರೆ. ಕೆಲವು ಸಲ ಸೊಸೆಯಂದಿರೂ ಕೇಳುತ್ತಾರೆ, ಆಗ ಅದರ ಅರ್ಥ ಬೇರೆ. 1958ರ ಅಕ್ಟೋಬರ್ 4ರಂದು, ತಮ್ಮ ಮರಣಕ್ಕೆ ಐದು ದಿನ ಮುಂಚೆ, ಹನ್ನೆರಡನೆಯ ಪಯಸ್ ಜಗದ್ಗುರುಗಳು ಮುಖದ ಕುಂದುಗಳನ್ನು ಸರಿಪಡಿಸುವ ಶಸ್ತ್ರವೈದ್ಯರನ್ನುದ್ದೇಶಿಸಿ ಮಾತನಾಡಿ, ಉದ್ದೇಶ ಸರಿಯಾಗಿದ್ದರೆ ಅಂಥ ಚಿಕಿತ್ಸೆ ಪಾಪವಲ್ಲವೆಂದು ವಿವರಿಸಿದ್ದರು. ಮುಖದ ಚೆಲುವಿನ ವಿಷಯದಲ್ಲಿಯೇ ಹೀಗಿರುವಾಗ, ಉಣ್ಣಲು ಮತ್ತು ಪ್ರಾರ್ಥನೆ ಹೇಳಲು ಬೇಕಾದ ಹಲ್ಲಿನ ಬಗ್ಗೆ ಸಂದೇಹವೇಕೆ? ಹಳೇಬೀಡಿನ ಗೋಡೆಗಳಲ್ಲಿ ಮುಕ್ಕಾದ ಶಿಲ್ಪಗಳಿಗೆ ಹೊಸ ಮೂಗು, ಹೊಸ ಕೈ ಕೆತ್ತಿ ಕೂರಿಸದೆ ಹಾಗೆಯೇ ಬಿಟ್ಟಿದ್ದಾರೆ. ಶಿಲ್ಪದ ಮಟ್ಟಿಗೆ ಅದು ಸರಿ, ಏಕೆಂದರೆ ಕಲ್ಲಿಗೆ ಹಸಿವಿಲ್ಲ.

ಸೆಟ್ಟು ಧರಿಸಿದವರು ಪರಮಪ್ರಸಾದದ ವಿಷಯದಲ್ಲಿ ಬಹಳ ಕಳವಳಪಡುತ್ತಾರೆ. ರೊಟ್ಟಿ ಮೇಲಿನ ಸೆಟ್ಟಿಗೆ ಅಂಟಿಕೊಳ್ಳುತ್ತದೆ. ಬೆರಳು ಹಾಕಿ ತೆಗೆಯಬಹುದೇ, ಅಗೌರವವಾಯಿತೇ ಎಂದು ಹೆದರಿ ಕೆಲವರು ಸ್ವೀಕರಿಸುವುದನ್ನೇ ಬಿಟ್ಟಿದ್ದಾರೆ. ಇದಕ್ಕೆ ಉಪಾಯ ಸರಳ. ಬಲಿಪೂಜೆಗೆ ಬರುವ ಮುನ್ನವೂ, ಬೇಕಾದರೆ ಬಂದ ಮೇಲೂ ಒಂದು ಗುಟುಕು ನೀರು ಕುಡಿದು ಬಾಯಿಯನ್ನು ಒದ್ದೆ ಮಾಡಿಕೊಳ್ಳಿರಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲ. ವೃದ್ಧರಿಗೂ ರೋಗಿಗಳಿಗೂ ಅವರನ್ನು ಆರೈಕೆ ಮಾಡುವವರಿಗೂ ಆ ಒಂದು ಗಂಟೆಯ ನಿಯಮದಿಂದಲೇ ವಿನಾಯಿತಿಯಿದೆ. ಅಂಟಿಕೊಂಡರೆ ಗಾಬರಿಯಾಗದೆ ನಾಲಗೆಯಿಂದ ಮೆತ್ತಗೆ ನೆನೆಸಿರಿ, ಕರಗುತ್ತದೆ. ನಂತರ ಒಂದು ಗುಟುಕು ನೀರು ಕುಡಿಯಿರಿ. ನುಂಗಲು ಕಷ್ಟವಿದ್ದವರು ಗುರುಗಳಿಗೆ ಮೊದಲೇ ಹೇಳಿದರೆ ಚಿಕ್ಕ ತುಣುಕನ್ನು ಕೊಡುತ್ತಾರೆ. ಮುರಿದ ಪ್ರತಿ ಭಾಗದಲ್ಲೂ ಕ್ರಿಸ್ತನು ಪೂರ್ಣವಾಗಿ ಇದ್ದಾನೆಂದು 1551ರಲ್ಲಿ ತ್ರೆಂತ್ ಮಹಾಸಭೆ ಸಾರಿದೆ. ಏನನ್ನೂ ನುಂಗಲಾರದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ನೀಡಲೂ ಅದೇ ಸಂಹಿತೆಯ 925ನೇ ವಿಧಿಯಲ್ಲಿ ಅವಕಾಶವಿದೆ. ಹಲ್ಲಿನ ಕಾರಣಕ್ಕೆ ಯಾರೂ ಪ್ರಭುವಿನ ಪಂಕ್ತಿಯಿಂದ ಏಳಬೇಕಾಗಿಲ್ಲ.

ಆರೈಕೆಯ ವಿಷಯದಲ್ಲಿ ಮನೆಯವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಊಟದ ನಂತರ ಸೆಟ್ಟನ್ನು ತೊಳೆಯಬೇಕು. ಮೆತ್ತನೆಯ ಬ್ರಷ್ಷು ಮತ್ತು ಸಾಬೂನು ಸಾಕು, ಪೇಸ್ಟು ಗೀರು ಮಾಡುತ್ತದೆ, ಬಿಸಿನೀರು ಆಕಾರ ಕೆಡಿಸುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಪಾತ್ರೆ ಅಥವಾ ಮಡಿಸಿದ ಬಟ್ಟೆ ಇಡಿ; ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳಾಗುತ್ತದೆ. ರಾತ್ರಿ ಕಳಚಿ ತಣ್ಣೀರಿನಲ್ಲಿಡಬೇಕು. ಹಗಲು ರಾತ್ರಿ ಹಾಕಿಕೊಂಡೇ ಇದ್ದರೆ ಅಂಗುಳ ಕೆಂಪಾಗಿ ಬೂಷ್ಟಿನ ಸೋಂಕು ತಗಲುತ್ತದೆ. ಹಲ್ಲಿಲ್ಲದ ವಸಡನ್ನೂ ನಾಲಗೆಯನ್ನೂ ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕು. ವಾರಗಟ್ಟಲೆ ಮಾಯದ ಹುಣ್ಣು ಅಥವಾ ಬಿಳಿಯ ಮಚ್ಚೆ ಕಂಡರೆ ಸೆಟ್ಟಿನ ಗಾಯವೆಂದು ಉದಾಸೀನ ಮಾಡದೆ ವೈದ್ಯರಿಗೆ ತೋರಿಸಬೇಕು. ತೀರಿಕೊಂಡವರ ಸೆಟ್ಟನ್ನು ಮನೆಯ ಇನ್ನೊಬ್ಬರು ಹಾಕಿಕೊಂಡು ನೋಡುವುದು ಸಲ್ಲದು. ಒಬ್ಬರ ದವಡೆಯ ಅಚ್ಚು ಇನ್ನೊಬ್ಬರದ್ದಲ್ಲ.

ಪ್ರಜ್ಞೆ ತಪ್ಪಿದವರ, ಅರೆ ಎಚ್ಚರದಲ್ಲಿರುವವರ ಬಾಯಿಯಿಂದ ಸೆಟ್ಟನ್ನು ಕೂಡಲೇ ತೆಗೆದಿಡಬೇಕು. ಅದು ಜಾರಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಂಟು. ಶಸ್ತ್ರಚಿಕಿತ್ಸೆಗೆ ಹೋಗುವಾಗಲೂ ಹಾಗೆಯೇ. ಅಸ್ವಸ್ಥರ ಅಭ್ಯಂಗಕ್ಕೆ ಗುರುಗಳನ್ನು ಕರೆಸಿದಾಗ, ರೋಗಿಗೆ ಎಚ್ಚರವಿದ್ದು ಪಾಪನಿವೇದನೆ ಮಾಡುವ ಶಕ್ತಿಯಿದ್ದರೆ, ಆ ಹೊತ್ತಿಗೆ ಮಾತ್ರ ಸೆಟ್ಟನ್ನು ಹಾಕಿಕೊಟ್ಟರೆ ಮಾತು ತಿಳಿಯುತ್ತದೆ. ಮರಣವಾದ ಮೇಲೆ ಅಂತಿಮ ದರ್ಶನಕ್ಕೆ ಮುಖ ಎಂದಿನಂತೆ ಇರಲೆಂದು ಕುಟುಂಬದವರು ಬಯಸುವುದು ಸಹಜ. ಅದಕ್ಕೆ ಸೆಟ್ಟನ್ನು ತೊಳೆದು ಮೊದಲ ಒಂದೆರಡು ಗಂಟೆಯೊಳಗೇ ಇಡಬೇಕು. ಬಳಿಕ ದವಡೆ ಸೆಟೆದು ಬಾಯಿ ತೆರೆಯುವುದಿಲ್ಲ, ಬಲವಂತ ಮಾಡಬಾರದು. ಆಸ್ಪತ್ರೆಯಿಂದ ಮನೆಗೆ ತರುವ ಗಡಿಬಿಡಿಯಲ್ಲಿ ಸೆಟ್ಟಿನ ಡಬ್ಬಿ ವಾರ್ಡಿನಲ್ಲೇ ಉಳಿದುಬಿಡುವುದು ಮಾಮೂಲು. ಸೇರಿಸುವ ದಿನವೇ ಡಬ್ಬಿಯ ಮೇಲೆ ಹೆಸರು ಬರೆದು ದಾದಿಯರಿಗೆ ತಿಳಿಸಿಡಿರಿ.